ವಾಲಿ ಆಮೇಲೆ, ಮೊದಲು ರಾಮ ಯಾರೆಂದು ಗೊತ್ತಾಗಲಿ

ಮಲೆನಾಡಿನ ಸಾಗರ ಪಟ್ಟಣದ ಆಸುಪಾಸಿನಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ ಕಾಲ. ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ಮನೆಗಳ ಜಗಲಿಯಲ್ಲಿ ಮದ್ದಳೆ ಕೇಳತೊಡಗುತ್ತದೆ. ನಮ್ಮ ಹವ್ಯಾಸಿ ಕೂಟದಲ್ಲಿ ಯಾರಿಗೆ ಯಾವ ಅರ್ಥ, ಅಂದರೆ ಯಾವ ಪಾತ್ರದ ಮಾತು, ಎಂದು ಹಂಚುವ ಕೆಲಸ ಬಹಳ ವರ್ಷಗಳಿಂದ ನನ್ನ ತಲೆಗೇ ಬಿದ್ದಿದೆ. ಬೆಂಗಳೂರಿನಿಂದ ರಜೆಗೆ ಬರುವ ಹುಡುಗರು ‘ರೈಟ್ ಪರ್ಸನ್ ಫಾರ್ ದ ರೋಲ್’ ಎನ್ನುತ್ತಾ ಸಲೀಸಾಗಿ ಪಟ್ಟಿ ಹಾಕಿಕೊಡುತ್ತಾರೆ: ಗಡಸು ದನಿಯವರಿಗೆ ಕೌರವ, ನಗುಮುಖದವರಿಗೆ ಕೃಷ್ಣ. ವೇಷ ಕಟ್ಟುವ ಆಟಕ್ಕಾದರೆ ಆಳ್ತನ, ಕುಣಿತ ನೋಡಬೇಕು, ಒಪ್ಪೋಣ. ಬರಿಯ ಮಾತಿನಲ್ಲೇ ಪಾತ್ರ ನಿಲ್ಲಬೇಕಾದ ಕಡೆ ನಾನು ಆರಿಸುವುದು ಜೋಡಿಯನ್ನು.

ವಾಲಿವಧೆಗೆ ಕುಳಿತರೆ ಎಲ್ಲರಿಗೂ ವಾಲಿಯೇ ಬೇಕು. “ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೆ ನಾನೇನು ಮಾಡಿದ್ದೆ? ಕೇಳಿದ್ದರೆ ಸೀತೆಯನ್ನು ನಾನೇ ತಂದುಕೊಡುತ್ತಿರಲಿಲ್ಲವೇ?” ಎಂದರೆ ಸಾಕು, ಜಗಲಿ ಪೂರ್ತಿ ಅವನ ಕಡೆ ವಾಲುತ್ತದೆ. ಕಷ್ಟವಿರುವುದು ರಾಮನಿಗೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದಕ್ಕೆ ಇದು ದಂಡನೆ ಎನ್ನಬೇಕು, ಈ ನೆಲ ಇಕ್ಷ್ವಾಕುಗಳದ್ದು ಎನ್ನಬೇಕು, ಮೃಗವನ್ನು ಮರೆಯಿಂದ ಬೇಟೆಯಾಡಿದರೆ ತಪ್ಪಿಲ್ಲ ಎಂದೂ ಹೇಳಬೇಕು. ಕೊನೆಯದು ಬಾಯಿಂದ ಬಂದ ಕೂಡಲೇ ಪಳಗಿದ ವಾಲಿ ಹಿಡಿದುಕೊಳ್ಳುತ್ತಾನೆ: “ನಾನು ಮೃಗವಾದರೆ ನನಗೆಲ್ಲಿಯ ಧರ್ಮಶಾಸ್ತ್ರ? ಧರ್ಮಶಾಸ್ತ್ರ ನನಗೂ ಉಂಟೆಂದರೆ ಬೇಟೆ ಹೇಗಾಯಿತು?” ಇಲ್ಲಿ ರಾಮ ತಡವರಿಸಿದರೆ ಪ್ರಸಂಗವೇ ಮಗುಚಿಬೀಳುತ್ತದೆ. ಹಾಗಾಗಿ ಕೂಟದಲ್ಲಿ ತರ್ಕಕ್ಕೆ ಗಟ್ಟಿಯಾದವರು ಯಾರೋ ಅವರಿಗೆ ರಾಮ. “ಭಾವ, ಈ ಸಲ ರಾಮ ನಿಮಗೆ” ಎಂದರೆ “ನನಗೇಕೋ ಆ ಶಿಕ್ಷೆ?” ಎನ್ನುತ್ತಾರೆ. ಮರುಕ್ಷಣವೇ ಎದುರಿಗೆ ವಾಲಿ ಯಾರು ಎಂದು ವಿಚಾರಿಸುತ್ತಾರೆ. ಅಲ್ಲಿಗೆ ಒಪ್ಪಿದರೆಂದೇ ಲೆಕ್ಕ.

ಕರ್ಣಪರ್ವದಲ್ಲಿ ಕರ್ಣನ ಸಾರಥಿಯಾದ ಶಲ್ಯನನ್ನೂ ನಾನು ಹೊಸಬರಿಗೆ ಕೊಡುವುದಿಲ್ಲ. ಗುರಿ ತಪ್ಪಿದ ಸರ್ಪಾಸ್ತ್ರವನ್ನು ಮತ್ತೆ ತೊಡು ಎನ್ನುತ್ತಾನೆ, ಕುಂತಿಗೆ ಮಾತು ಕೊಟ್ಟ ಕರ್ಣ ಒಲ್ಲೆನೆನ್ನುತ್ತಾನೆ, ಶಲ್ಯ ರಥವಿಳಿದು ನಡೆಯುತ್ತಾನೆ. ಆ ಸಿಟ್ಟು ನಿಜವೆನಿಸದಿದ್ದರೆ ಕರ್ಣ ಎಷ್ಟು ಚೆನ್ನಾಗಿ ಮಾತನಾಡಿದರೂ ಅವನು ಒಬ್ಬಂಟಿಯಾದದ್ದು ಯಾರಿಗೂ ತಟ್ಟುವುದಿಲ್ಲ.

ಇನ್ನೊಂದು ವಿಷಯ, ತೋಟದ್ದು. ಅಡಿಕೆಗೆ ಮದ್ದು ಹೊಡೆಸುವ ದಿನಗಳಲ್ಲಿ ಹಗಲೆಲ್ಲ ತೋಟದಲ್ಲಿ ನಿಂತವರಿಗೆ ರಾತ್ರಿ ಹತ್ತಕ್ಕೇ ಕಣ್ಣು ಎಳೆಯುತ್ತದೆ. ಅಂಥವರಿಗೆ ಸುಗ್ರೀವನನ್ನು ಕೊಡುತ್ತೇನೆ. ವಾಲಿ ಬಿದ್ದ ಮೇಲೆ ಸುಗ್ರೀವನ ಮಾತು ಕಡಿಮೆ, ಕಂಬಕ್ಕೊರಗಿ ತುಸು ತೂಕಡಿಸಿದರೂ ನಡೆಯುತ್ತದೆ. ಹಾಡಿ ಪ್ರಸಂಗ ನಡೆಸುವ ಭಾಗವತರು ಮಾತ್ರ ಕಣ್ಣು ಕೆಂಪಗೆ ಮಾಡುತ್ತಾರೆ.