ಮೊದಲು ಬಾಗಿಲು ಅಳೆಯಿರಿ, ಆಮೇಲೆ ರೈಲು

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೇ ಮನೆ. ಪಡಸಾಲೆ ದೊಡ್ಡದು. ಗಣಪತಿ ಕೂಡಿಸಿದಾಗ ಮುಂದೆ ಒಂದು ಸಣ್ಣ ಊರು ಮಾಡುವುದು ನಮ್ಮಪ್ಪನ ಕಾಲದಿಂದ ಬಂದಿದ್ದು. ಬಾವಿ, ಬಂಡಿ, ತೊಗರಿ ಹೊಲ, ಒಂದು ಗುಡಿ, ಇಷ್ಟೇ. ಈಗ ಅದರ ಸುತ್ತ ರೈಲು ಓಡುತ್ತದೆ. ನೋಡಲು ಬಂದವರು ಕೇಳುವುದು ಒಂದೇ ಪ್ರಶ್ನೆ, ಯಾವ ರೈಲು ತಗೋಬೇಕು, ಎಷ್ಟು ದೊಡ್ಡದು ತಗೋಬೇಕು ಅಂತ. ಪ್ರತಿ ಸಲ ನಿಂತು ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲು.

ರೈಲು ಆಮೇಲೆ. ಮೊದಲು ನಿಮ್ಮ ಊರಿನ ಮನೆಗಳ ಬಾಗಿಲು ಅಳೆಯಿರಿ. ಬೊಂಬೆ ಮನೆಯ ಗೋಡೆ, ಮಾಳಿಗೆ ಎಲ್ಲವನ್ನೂ ಮಾಡುವವರು ಮನಸ್ಸಿಗೆ ಬಂದಂತೆ ಕುಗ್ಗಿಸಿರುತ್ತಾರೆ, ಆದರೆ ಬಾಗಿಲನ್ನು ಮಾತ್ರ ಮನುಷ್ಯ ಒಳಗೆ ಹೋಗುವಷ್ಟು ಇಟ್ಟಿರುತ್ತಾರೆ. ನಿಜವಾದ ಬಾಗಿಲು ಸುಮಾರು ಎರಡು ಮೀಟರ್ ಅಂತ ಇಟ್ಟುಕೊಳ್ಳಿ. ನಿಮ್ಮ ಬೊಂಬೆ ಮನೆಯ ಬಾಗಿಲು 9 ಸೆಂ.ಮೀ. ಇದ್ದರೆ ಅದು 1:22.5ರ ಊರು, ಅಂದರೆ ನಿಜವಾದದ್ದನ್ನು 22.5 ಪಟ್ಟು ಕುಗ್ಗಿಸಿದ್ದು. 4 ಸೆಂ.ಮೀ. ಚಿಲ್ಲರೆ ಇದ್ದರೆ 1:48. ಎರಡು ಸೆಂ.ಮೀ. ಸ್ವಲ್ಪ ಜಾಸ್ತಿ ಇದ್ದರೆ 1:87, ಅಂದರೆ ರೈಲು ಹವ್ಯಾಸದವರೆಲ್ಲ ಎಚ್‌ಓ ಅನ್ನುವ ಅಳತೆ. ಜನರ ಬೊಂಬೆ ನೋಡಿಯೂ ಹೇಳಬಹುದು. ಐದೂವರೆ ಅಡಿ ಆಳು 1:22.5ರಲ್ಲಿ 7 ಸೆಂ.ಮೀ. ಮೇಲೆ ಬರುತ್ತಾನೆ, 1:48ರಲ್ಲಿ ಮೂರೂವರೆ ಸೆಂ.ಮೀ., ಎಚ್‌ಓದಲ್ಲಿ ಎರಡು ಸೆಂ.ಮೀ.ಗೂ ಕಡಿಮೆ. ನಮ್ಮ ಮನೆಯ ಹಳೇ ಮಣ್ಣಿನ ಬೊಂಬೆಗಳು ಏಳು ಸೆಂ.ಮೀ. ಆಸುಪಾಸು ಇದ್ದವು. ಅಲ್ಲಿಗೆ ನನ್ನ ರೈಲಿನ ಅಳತೆ ತೀರ್ಮಾನ ಆಯಿತು. ಅಂಗಡಿಯಲ್ಲಿ ಚೆಂದ ಕಂಡಿತು ಅಂತ ರೈಲು ತಂದು, ಆಮೇಲೆ ಅದಕ್ಕೆ ತಕ್ಕ ಊರು ಹುಡುಕಲು ಹೋದರೆ ಖರ್ಚು ಎರಡು ಪಟ್ಟು.

ದೊಡ್ಡ ರೈಲಿಗೆ ಎಲ್ಲರೂ ಜಿ ಸ್ಕೇಲ್ ಅನ್ನುತ್ತಾರೆ. ಈ ಹೆಸರನ್ನು ನಂಬಿ ದುಡ್ಡು ಕೊಡಬೇಡಿ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಎಲ್‌ಜಿಬಿ ಅಂತ ದೊಡ್ಡ ರೈಲು ತಂದಿತು. 45 ಮಿ.ಮೀ. ಅಗಲದ ಹಳಿ, 1:22.5 ಅಳತೆ. (2007ರಿಂದ ಅದು ಮಾರ್ಕ್ಲಿನ್ ಕಂಪನಿಯ ಕೈಯಲ್ಲಿದೆ.) ಆಮೇಲೆ ಬೇರೆ ಬೇರೆ ಕಂಪನಿಗಳು ಅದೇ 45 ಮಿ.ಮೀ. ಹಳಿಯ ಮೇಲೆ ಓಡುವಂತೆ 1:20.3, 1:24, 1:29, 1:32, ಹೀಗೆ ತಮಗೆ ಬೇಕಾದ ಅಳತೆಯಲ್ಲಿ ಗಾಡಿ ಮಾಡಿದವು. ಹಳಿ ಒಂದೇ ಆದ್ದರಿಂದ ಎಲ್ಲವೂ ಓಡುತ್ತವೆ. ಆದರೆ 1:20.3ರ ಎಂಜಿನ್ ಹಿಂದೆ 1:32ರ ಡಬ್ಬಿ ಕಟ್ಟಿದರೆ, ಡಬ್ಬಿಯ ಬಾಗಿಲಲ್ಲಿ ಎಂಜಿನ್ ಡ್ರೈವರ್ ಬಗ್ಗಿ ಹೋಗಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ 'ಜಿ' ಇದೆಯಾ ಅಂತ ನೋಡುವುದಲ್ಲ, ಪಕ್ಕದಲ್ಲಿ ಅಂಕಿ ಏನಿದೆ ನೋಡಿ. ಅಂಕಿಯೇ ಬರೆದಿಲ್ಲ ಅಂದರೆ ಡಬ್ಬಿಯ ಬಾಗಿಲು ಅಳೆದು ಲೆಕ್ಕ ಹಾಕಿ.

ಬಂದವರಲ್ಲಿ ಅರ್ಧ ಜನಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಬೇಕು. ನನಗೂ ಬೇಕಿತ್ತು, ಕಲಬುರಗಿ ಸ್ಟೇಷನ್ನಿನಲ್ಲಿ ಅದನ್ನು ನೋಡಿಕೊಂಡೇ ಬೆಳೆದವರು ನಾವು. ಆದರೆ ಲೆಕ್ಕ ಮಾಡಿ ನೋಡಿ. ಹಳೇ ನೀಲಿ ಡಬ್ಬಿ ಒಂದೊಂದೂ 21 ಮೀಟರ್ ಮೇಲೆ ಉದ್ದ. 1:22.5ರಲ್ಲಿ ಒಂದು ಡಬ್ಬಿಯೇ 95 ಸೆಂ.ಮೀ. ಆಗುತ್ತದೆ. ಈಗಿನ ಎಲ್‌ಎಚ್‌ಬಿ ಡಬ್ಬಿಯಾದರೆ ಮೀಟರ್ ದಾಟುತ್ತದೆ. ಎಂಜಿನ್ ಜೊತೆ ನಾಲ್ಕು ಡಬ್ಬಿ ಕಟ್ಟಿದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಗಾಡಿ ನಿಂತೇ ಇರಬೇಕು, ತಿರುಗಲು ಜಾಗ ಎಲ್ಲಿದೆ? ಇನ್ನೊಂದು ತೊಡಕು ನಮ್ಮ ಬ್ರಾಡ್‌ಗೇಜ್‌ನ ಅಗಲ. 1676 ಮಿ.ಮೀ. ಹಳಿಯನ್ನು 22.5ರಿಂದ ಭಾಗಿಸಿದರೆ 74 ಮಿ.ಮೀ. ಮೇಲೆ ಬರುತ್ತದೆ. ಅಂಥ ರೆಡಿಮೇಡ್ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ಮೀಟರ್‌ಗೇಜ್ ತಗೊಳ್ಳಿ, 1000 ಮಿ.ಮೀ. ಭಾಗಿಸಿದರೆ 44.4, ಅಂದರೆ 45ರ ಹಳಿಗೆ ಸರಿಯಾಗಿ ಕೂರುತ್ತದೆ. ಹೋಟಗಿ–ಗದಗ ಲೈನಿನಲ್ಲಿ ವಿಜಯಪುರದ ಕಡೆ ಹೋಗುತ್ತಿದ್ದ ಹಳೇ ಮೀಟರ್‌ಗೇಜ್ ಗಾಡಿ ನೆನಪಿದೆಯಲ್ವಾ, ಆ ಜಾತಿಯ ಗಾಡಿಗೆ ಈ ಅಳತೆ ಹೇಳಿ ಮಾಡಿಸಿದಂತಿದೆ. ಹಾಗಾಗಿ ನಾನು ಆರಿಸಿದ್ದು ನಾಲ್ಕು ಚಕ್ರದ ಗಿಡ್ಡ ಉಗಿ ಎಂಜಿನ್, ಅದರ ಹಿಂದೆ ಎರಡು ಗಿಡ್ಡ ಡಬ್ಬಿ. ಗಾಡಿ ಗಿಡ್ಡವಿದ್ದಷ್ಟೂ ಊರು ದೊಡ್ಡದಾಗಿ ಕಾಣುತ್ತದೆ, ಇದನ್ನು ಮಾತ್ರ ನಂಬಿ.

ಜಾಗದ ವಿಷಯದಲ್ಲಿ ಒಂದು ಕಡೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಎಲ್‌ಜಿಬಿಯ ಅತಿ ಸಣ್ಣ ತಿರುವು ಆರ್1, ಅದರ ತ್ರಿಜ್ಯ 600 ಮಿ.ಮೀ. ಅಂದರೆ ವೃತ್ತದ ಅಡ್ಡಳತೆ 1.2 ಮೀಟರ್. ಬಡಿಗೇರ ಕೇಳಿದ ತಕ್ಷಣ ಹೇಳಿದ, "ನಾಲ್ಕು-ಎಂಟು ಪ್ಲೈನಾಗ ಆರಾಮ ಕುಂದ್ರತದ ಬಿಡ್ರಿ ಅಣ್ಣಾರ." ಕೂರುವುದಿಲ್ಲ. 1.2 ಮೀಟರ್ ಅನ್ನುವುದು ಹಳಿಯ ನಡುಗೆರೆಯ ಲೆಕ್ಕ. ಹಳಿಯ ಕೆಳಗಿನ ಅಡ್ಡಪಟ್ಟಿಗಳು (ಸ್ಲೀಪರ್) ಎರಡೂ ಕಡೆ ಹೊರಗೆ ಚಾಚುತ್ತವೆ, ಒಟ್ಟು 1.28 ಮೀಟರ್ ಹತ್ತಿರ ಹೋಗುತ್ತದೆ. ನಾಲ್ಕು ಅಡಿ ಪ್ಲೈವುಡ್ ಅಗಲ 1.22 ಮೀಟರ್ ಅಷ್ಟೇ. ಅವನ ಮುಂದೆಯೇ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದೆ. ಎರಡೂ ಕಡೆ ಅರ್ಧರ್ಧ ಅಡಿ ಪಟ್ಟಿ ಜೋಡಿಸಿ ಐದು-ಎಂಟರ ಹಲಗೆ ಮಾಡಿಕೊಟ್ಟ. ಅದರ ಮೇಲೆ ಹನ್ನೆರಡು ತಿರುವು ತುಂಡು, ಆರು ನೇರ ತುಂಡು, ಒಟ್ಟು ಐದೂವರೆ ಮೀಟರ್ ಹಳಿ. ನೇರವಾಗಿ ನೆಲದ ಮೇಲೆ ಹಾಕಬಹುದಿತ್ತು, ಆದರೆ ನಮ್ಮದು ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲಿನ ನೆಲ. ಕಾಲಿಗೆ ತಂಪು, ಹಳಿಗೆ ಆಗದು. ಎರಡು ಪರ್ಸಿ ಸೇರುವ ಕಡೆ ಸ್ವಲ್ಪ ಏರಿಳಿತ ಇದ್ದೇ ಇರುತ್ತದೆ, ಅಲ್ಲಿ ಹಳಿಯ ಜೋಡಣೆ ಬಾಯಿ ಬಿಡುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ.

ಹಲಗೆಗೆ ಜಾಗ ಇಲ್ಲದವರು ಜಿ ಬಿಟ್ಟುಬಿಡಿ. ಬೀದರ್‌ನಲ್ಲಿ ನನ್ನ ಗೆಳೆಯನ ಮನೆಯಲ್ಲಿ ಕ್ರಿಸ್‌ಮಸ್‌ಗೆ ಗೋದಲಿ ಮಾಡುತ್ತಾರೆ. ಪಕ್ಕದಲ್ಲಿ ಒಳಗೆ ದೀಪ ಇರುವ ಪಿಂಗಾಣಿ ಮನೆಗಳ ಸಾಲು. ಆ ಮನೆಗಳ ಬಾಗಿಲು ಅಳೆದರೆ ನಾಲ್ಕು ಸೆಂ.ಮೀ. ಹತ್ತಿರ. ಅವನಿಗೆ ನಾನು ಹೇಳಿದ್ದು ಓಎನ್30. ಗಾಡಿ 1:48ರದು, ಆದರೆ ಓಡುವುದು ಎಚ್‌ಓದ 16.5 ಮಿ.ಮೀ. ಹಳಿಯ ಮೇಲೆ. ಅದರಲ್ಲಿರುವ 30 ಅಂದರೆ 30 ಇಂಚಿನ ನ್ಯಾರೋಗೇಜ್. ಗಾಡಿ ನೋಡಲು ದಪ್ಪಗೆ, ಗುಂಡಗೆ ಇರುತ್ತದೆ, ಜಾಗ ಮಾತ್ರ ಒಂದು ಮೀಟರ್ ಚೌಕ ಇದ್ದರೆ ಸಾಕು. ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಖುಷಿ ಇದೆ. 1897ರಲ್ಲಿ ಶುರುವಾದ ಬಾರ್ಸಿ ಲೈಟ್ ರೈಲ್ವೆ, ಅದೇ ಕುರ್ಡುವಾಡಿಯಿಂದ ಲಾತೂರ್ ಕಡೆ ಹೋಗುತ್ತಿದ್ದ ಸಣ್ಣ ಗಾಡಿ, ಅದರ ಹಳಿಯೂ ಎರಡೂವರೆ ಅಡಿ, ಅಂದರೆ 30 ಇಂಚೇ. ಬೀದರ್‌ನವರಿಗೆ ಲಾತೂರ್ ಪಕ್ಕದ ಜಿಲ್ಲೆ. ಡಬ್ಬಿಗೆ ಬಣ್ಣ ಬದಲಿಸಿ ಬಾರ್ಸಿ ಗಾಡಿ ಅಂದರೆ ಯಾರೂ ತಕರಾರು ಮಾಡುವುದಿಲ್ಲ.

ಅಮೆರಿಕದ ಆಟಿಕೆ ರೈಲು ಕಂಪನಿ ಲಯೊನೆಲ್‌ನ ಮೂರು ಹಳಿಯ ಓ ಗೇಜ್ ಬಗ್ಗೆಯೂ ಕೇಳುತ್ತಾರೆ. ಗಟ್ಟಿ ಸಾಮಾನು, ಓ36 ತಿರುವು (36 ಇಂಚು ಅಡ್ಡಳತೆಯ ವೃತ್ತ) ನಾಲ್ಕು ಅಡಿ ಪ್ಲೈಯಲ್ಲಿ ಆರಾಮವಾಗಿ ಕೂರುತ್ತದೆ. ನಡುವೆ ಇರುವ ಮೂರನೇ ಹಳಿ ನನ್ನ ಕಣ್ಣಿಗೆ ಚುಚ್ಚುತ್ತದೆ, ಅದಕ್ಕೇ ಬೇಡ ಅಂದೆ. ನಿಮಗೆ ಅದು ತೊಂದರೆ ಅನ್ನಿಸದಿದ್ದರೆ ತಗೊಳ್ಳಿ.

ಗಾಡಿ ಓಡಿಸುವಾಗ ವೇಗದ ನಾಬ್ ಪೂರ್ತಿ ತಿರುಗಿಸುವುದು ಎಲ್ಲರಿಗೂ ಚಟ. ಸಣ್ಣ ಲೈನಿನ ಗಾಡಿ ಗಂಟೆಗೆ 20 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಂಡರೆ 1:22.5ರಲ್ಲಿ ಅದು ಸೆಕೆಂಡಿಗೆ 25 ಸೆಂ.ಮೀ. ನನ್ನ ಐದೂವರೆ ಮೀಟರ್ ಸುತ್ತಿಗೆ 22 ಸೆಕೆಂಡು ಬೇಕು. ಅಷ್ಟು ನಿಧಾನ ಓಡುವ ಎಂಜಿನ್ನೇ ಬೇಕು ಅಂತ ಆರಿಸಿ. ಕೊಳ್ಳುವ ಮುಂಚೆ ನಾಬ್ ಮೆಲ್ಲಗೆ ಏರಿಸಿ ನೋಡಿ, ಜಿಗಿದು ಹೊರಟರೆ ಬಿಟ್ಟುಬಿಡಿ, ತೆವಳಿಕೊಂಡು ಹೊರಟರೆ ಅದು ಒಳ್ಳೇ ಎಂಜಿನ್. ಆಮೇಲೆ ಸುತ್ತಿನ ಹಿಂಭಾಗವನ್ನು ಗುಡ್ಡದ ಒಳಗೆ ಹಾಕಿ. ಗಾಡಿ ಸ್ವಲ್ಪ ಹೊತ್ತು ಕಾಣಬಾರದು. ಓಣಿಯ ಹುಡುಗರು ಅಲ್ಲೇ ಕಾಯುತ್ತಾ ಕೂರುತ್ತಾರೆ, "ಕಾಕಾ, ಗಾಡಿ ಮರಗುತ್ತಿ ಸುರಂಗದಾಗ ಹೋಯ್ತು ನೋಡ್ರಿ" ಅಂತ. 2017ರಲ್ಲಿ ಬೀದರ್–ಕಲಬುರಗಿ ಲೈನು ಶುರುವಾದ ಮೇಲೆ ನಮ್ಮ ಮಕ್ಕಳಿಗೆ ಸುರಂಗ ಅಂದರೆ ಅದೇ. ಸುರಂಗದ ಅಗಲ ಮಾತ್ರ ನೇರ ಹಳಿಯ ಲೆಕ್ಕದಲ್ಲಿ ಇಡಬೇಡಿ. ತಿರುವಿನಲ್ಲಿ ಡಬ್ಬಿಯ ನಡುಭಾಗ ಒಳಕ್ಕೆ, ಮೂಲೆಗಳು ಹೊರಕ್ಕೆ ಬರುತ್ತವೆ. ಡಬ್ಬಿಯ ಪಕ್ಕಕ್ಕೆ ಪೆನ್ಸಿಲ್ ಕಟ್ಟಿ ಕೈಯಿಂದ ಒಂದು ಸುತ್ತು ತಳ್ಳಿ, ಹಲಗೆ ಮೇಲೆ ಗೆರೆ ಬೀಳುತ್ತದೆ. ಆ ಗೆರೆಯ ಒಳಗೆ ಏನೂ ಇಡಬಾರದು.

ನನ್ನ ಊರಿನ ಮನೆಗಳು ಸನ್‌ಬೋರ್ಡ್ ಅನ್ನುವ ಹಗುರ ಹಾಳೆಯವು, ಬಾಗಿಲು 9 ಸೆಂ.ಮೀ. ಮಾಳಿಗೆಗೆ ಕಲ್ಲು ಕತ್ತರಿಸುವ ಕಡೆ ಬಿದ್ದಿರುವ ಪರ್ಸಿಯ ತೆಳು ಚೂರು, ಸುಮ್ನೆ ಕೊಡುತ್ತಾರೆ. ಹಿಂದಿನ ಕೋಟೆ, ಗುಮ್ಮಟ ಬೇಕಂತಲೇ ಸಣ್ಣ ಅಳತೆಯಲ್ಲಿ ಮಾಡಿ, ದೂರ ಇದ್ದಂತೆ ಕಾಣುತ್ತವೆ.

ಈಗ ಹಬ್ಬದ ಮನೆಯ ನಿಜವಾದ ಕಷ್ಟಕ್ಕೆ ಬರೋಣ. ಜರ್ಮನಿಯ ಕೈಪಿಡಿಯಲ್ಲಿ ಧೂಳಿನ ಬಗ್ಗೆ ಬರೆದಿರುತ್ತಾರೆ, ಅಕ್ಷತೆ ಬಗ್ಗೆ ಬರೆದಿರುವುದಿಲ್ಲ. ನಮ್ಮಲ್ಲಿ ಹಳಿಯ ಮೇಲೆ ಬೀಳುವುದು ಅಕ್ಕಿಕಾಳು, ಕುಂಕುಮ, ಚೆಂಡುಹೂವಿನ ಎಸಳು, ಬತ್ತಿಯ ಹತ್ತಿ. ದೀಪದ ಎಣ್ಣೆಯ ಜಿಡ್ಡು, ಕರ್ಪೂರದ ಮಸಿ ಗಾಳಿಯಲ್ಲೇ ಬಂದು ಕೂರುತ್ತವೆ. ಎಚ್‌ಓ ಗಾಡಿಯನ್ನು ಒಂದು ಅಕ್ಕಿಕಾಳು ಹಳಿ ತಪ್ಪಿಸುತ್ತದೆ. ಜಿ ಎಂಜಿನ್ ಭಾರ ಇರುತ್ತದೆ, ಚಕ್ರದ ಅಂಚೂ ಆಳ, ಎಸಳನ್ನು ಅರೆದುಕೊಂಡೇ ಹೋಗುತ್ತದೆ. ಆದರೆ ಅರೆದ ಎಸಳು ಹಳಿಗೆ ಮೆತ್ತಿಕೊಂಡು ಒಣಗುತ್ತದೆ, ಅಲ್ಲಿಗೆ ಕರೆಂಟು ತಾಗುವುದಿಲ್ಲ. ಗಾಡಿ ನಿಲ್ಲುತ್ತದೆ, ಮನೆಯವರೆಲ್ಲ ಮೋಟಾರ್ ಸುಟ್ಟಿತು ಅನ್ನುತ್ತಾರೆ. ಮೋಟಾರಿಗೆ ಏನೂ ಆಗಿರುವುದಿಲ್ಲ. ಬಿಳಿ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳಿಯ ತಲೆ ಒರೆಸಿ, ಬಟ್ಟೆಯಲ್ಲಿ ಎರಡು ಕಪ್ಪು ಗೆರೆ ಮೂಡುತ್ತವೆ. ಗೆರೆ ಬರುವುದು ನಿಲ್ಲುವವರೆಗೆ ಒರೆಸಿ. ಚಕ್ರವನ್ನೂ ಹಾಗೇ. ಇದನ್ನು ಬೆಳಿಗ್ಗೆ ಪೂಜೆಗೆ ಮುಂಚೆ, ದೀಪ ಹಚ್ಚುವ ಮೊದಲೇ ಮುಗಿಸಿ. ಆಲ್ಕೋಹಾಲ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಒರಟು ಮರಳುಕಾಗದ ಹಚ್ಚಬೇಡಿ, ಆ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ನನ್ನದು ಎಲೆಕ್ಟ್ರಿಕಲ್ ಅಂಗಡಿ, ಹಾಗಾಗಿ ಕರೆಂಟಿನ ಮಾತು ಸ್ವಲ್ಪ ಜಾಸ್ತಿ ಆದರೂ ಓದಿಕೊಳ್ಳಿ. ಹಳಿಗೆ ಬರುವುದು ಕಡಿಮೆ ವೋಲ್ಟೇಜ್, ಎಲ್‌ಜಿಬಿಗೆ 24 ವೋಲ್ಟ್ ಒಳಗೆ, ಮಕ್ಕಳು ಮುಟ್ಟಿದರೆ ಭಯವಿಲ್ಲ. ಭಯ ಇರುವುದು ಗೋಡೆಗೆ ಸಿಕ್ಕಿಸುವ ಕಡೆ. ಅಮೆರಿಕದಿಂದ ಯಾರಾದರೂ ಸೆಟ್ ತಂದುಕೊಟ್ಟರೆ ಅದರ ಟ್ರಾನ್ಸ್‌ಫಾರ್ಮರ್ 120 ವೋಲ್ಟಿನದಾಗಿರುತ್ತದೆ. ನಮ್ಮ 230ಕ್ಕೆ ಹಾಕಿದರೆ ಹೊಗೆ ಬರುವುದು ಎಂಜಿನ್ನಿನ ಚಿಮಣಿಯಿಂದ ಅಲ್ಲ. ಟ್ರಾನ್ಸ್‌ಫಾರ್ಮರ್ ಕೆಳಗೆ ಅಂಟಿಸಿದ ಚೀಟಿ ಓದಿ. 100–240 ಅಂತ ಇದ್ದರೆ ನೇರ ಹಾಕಿ, ಬರೀ 120 ಇದ್ದರೆ ಮಧ್ಯೆ 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಸೆಟ್ಟಿನ ಮೇಲೆ ಬರೆದ ವಾಟ್‌ಗಿಂತ ದೊಡ್ಡದು. ಜರ್ಮನಿಯ ಸೆಟ್ 230ರದೇ. ಗಣಪತಿಯ ಸೀರಿಯಲ್ ಸೆಟ್ಟು, ಫ್ಯಾನು, ರೈಲು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವವರಿಗೆ ನಾನು ರೈಲಿನ ಬಗ್ಗೆ ಸಲಹೆ ಕೊಡುವುದೇ ಇಲ್ಲ.

ದುಡ್ಡು. ಹೊಸ ಜಿ ಸೆಟ್ ಅಗ್ಗ ಅಲ್ಲ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ತರಿಸುವ ದಿನ ಎಷ್ಟಿದೆ ಅಂತ ನೋಡಿಯೇ ಆರ್ಡರ್ ಹಾಕಿ. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಬೇರೆ. ನಾನು ತಗೊಂಡಿದ್ದು ಹಳೇದು, ಜರ್ಮನಿಯಲ್ಲಿರುವ ಅಣ್ಣನ ಮಗ ಅಲ್ಲೇ ಓಡಿಸಿ ನೋಡಿ ವಿಡಿಯೊ ಕಳಿಸಿದ ಮೇಲೆ. ಹಳೇದರಲ್ಲಿ ನೋಡಬೇಕಾದ್ದು ಬಣ್ಣ ಅಲ್ಲ. ಎಂಜಿನ್ ತಿರುವಿ ಹಿಡಿದು ಚಕ್ರ ನೋಡಿ, ಹೊಳಪು ಸವೆದು ಒಳಗಿನ ಲೋಹ ಕಂಡರೆ ತುಂಬಾ ಓಡಿದೆ ಅಂತ ಅರ್ಥ. ಓಡುವಾಗ ಒಂದೇ ಲಯದಲ್ಲಿ ಟಿಕ್ ಟಿಕ್ ಅಂದರೆ ಗೇರ್ ಬಿರಿದಿರಬಹುದು. ಚಕ್ರದ ರಬ್ಬರ್ ಪಟ್ಟಿ ಒಣಗಿದ್ದರೆ ಚಿಂತೆ ಬೇಡ, ಅದು ಬೇರೆ ಸಿಗುತ್ತದೆ.

ಇಷ್ಟೆಲ್ಲ ಬೇಡ ಅನ್ನುವವರು ಮೊದಲ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಸಿಗುವ ಬ್ಯಾಟರಿ ರೈಲು ಹಾಕಿ. ಅಳತೆ ಗಿಳತೆ ಏನೂ ಇರುವುದಿಲ್ಲ, ಆದರೆ ಪಡಸಾಲೆಯಲ್ಲಿ ಓಡಾಡುವ ಜನರ ಕಾಲು ಎಲ್ಲಿ ಬೀಳುತ್ತದೆ, ಆರತಿ ಮಾಡುವವರು ಎಲ್ಲಿ ನಿಲ್ಲುತ್ತಾರೆ ಅನ್ನುವುದು ಗೊತ್ತಾಗುತ್ತದೆ. ನಮ್ಮ ಮನೆಯಾಕೆ ಮೊದಲ ದಿನವೇ ಕೇಳಿದ್ದಳು, "ಎಲ್ಲಾ ಕಡಿ ಹಳಿ ಹಾಸೀರಿ, ನಾ ಎಲ್ಲಿ ನಿಂತು ಆರತಿ ಮಾಡ್ಲಿ?" ಅದಕ್ಕೇ ನಮ್ಮ ಹಲಗೆ ಈಗ ಗಣಪತಿಯ ಎದುರಿಗಿಲ್ಲ, ಎಡಪಕ್ಕಕ್ಕಿದೆ. ದುಡ್ಡು ಕೊಡುವ ಮುಂಚೆ ಪುಣೆಯ ಕರ್ವೆ ರಸ್ತೆ ಹತ್ತಿರ ಇರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ, 1998ರಲ್ಲಿ ತೆರೆದದ್ದು, ಕಲಬುರಗಿಯಿಂದ ನೇರ ಗಾಡಿ ಇದೆ. ಅಲ್ಲಿರುವುದು ಎಚ್‌ಓ. ಹೋಗುವಾಗ ನಿಮ್ಮ ಊರಿನ ಒಂದು ಬೊಂಬೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ.