ಬಿಗಿನರ್, ನಾವಿಸ್, ಅಮೆಚೂರ್: ಅರ್ಜಿಯಲ್ಲಿ ಯಾವ ಪದ ಬರೆಯಬೇಕು?

ಮಡಿಕೇರಿಯ ಹೋಂಸ್ಟೇಗೋ ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಕುಳಿತವರು ತಮ್ಮನ್ನು ಬಿಗಿನರ್ ಎನ್ನಬೇಕೇ, ಫ್ರೆಶರ್ ಎನ್ನಬೇಕೇ, ಟ್ರೈನೀ ಎನ್ನಬೇಕೇ ಎಂದು ತಡವರಿಸುವುದುಂಟು. ನಿಘಂಟು ತೆರೆದರೆ ಎಲ್ಲದಕ್ಕೂ ‘ಹೊಸಬ’, ‘ಅನನುಭವಿ’ ಎಂಬ ಅರ್ಥಗಳೇ ಎದುರಾಗುತ್ತವೆ. ಆದರೆ ಇವೆಲ್ಲ ಒಂದೇ ಏಣಿಯ ಮೆಟ್ಟಿಲುಗಳಲ್ಲ: ಕೆಲವು ಕೌಶಲದ ಮಟ್ಟವನ್ನು ಹೇಳುತ್ತವೆ, ಕೆಲವು ಕೆಲಸಕ್ಕೆ ಸೇರಿ ಎಷ್ಟು ಕಾಲವಾಯಿತೆಂಬುದನ್ನು, ಕೆಲವು ಕರಾರನ್ನು, ಇನ್ನು ಕೆಲವು ದುಡಿಮೆಗೆ ಹಣ ಪಡೆಯುತ್ತಾರೆಯೇ ಎಂಬುದನ್ನು. ನಾವು ಹೇಳಹೊರಟಿರುವುದು ಯಾವುದನ್ನು ಎಂದು ಮೊದಲು ನಿಶ್ಚಯಿಸಿಕೊಂಡರೆ ಪದದ ಆಯ್ಕೆ ಅರ್ಧ ಮುಗಿದಂತೆ.

ಈಗಷ್ಟೇ ಕಲಿಯತೊಡಗಿದವರಿಗೆ ಬಿಗಿನರ್ ಎಂಬುದು ಸರಳವಾದ, ಮರ್ಯಾದೆಗೆ ಕುಂದು ತರದ ಪದ. ನಾವಿಸ್ ಎಂಬುದು ಅನುಭವದ ಕೊರತೆಯನ್ನು ಹೆಚ್ಚು ಎತ್ತಿ ಹೇಳುತ್ತದೆ. ಅದಕ್ಕೆ ಧಾರ್ಮಿಕ ಹಿನ್ನೆಲೆಯೂ ಇದೆ. ಕುಶಾಲನಗರದಿಂದ ಕಾವೇರಿ ದಾಟಿ ಬೈಲುಕುಪ್ಪೆಗೆ ಹೋದರೆ ಅಲ್ಲಿನ ವಿಹಾರಗಳಲ್ಲಿ ಕಾಣುವ, ಪೂರ್ಣ ದೀಕ್ಷೆ ಇನ್ನೂ ಆಗದ ಕಿರಿಯ ಭಿಕ್ಷುವನ್ನು ಇಂಗ್ಲಿಷಿನಲ್ಲಿ ನಾವಿಸ್ ಎನ್ನುತ್ತಾರೆಯೇ ಹೊರತು ಬಿಗಿನರ್ ಎನ್ನುವುದಿಲ್ಲ. ಕೌಶಲ ಕಲಿಕೆಯನ್ನು ಕುರಿತು ಡ್ರೈಫಸ್ ಸಹೋದರರು 1980ರಲ್ಲಿ ಮುಂದಿಟ್ಟು ಆಮೇಲೆ ಪರಿಷ್ಕರಿಸಿದ ಐದು ಹಂತಗಳ ಮಾದರಿಯಲ್ಲಿಯೂ ನಾವಿಸ್ ತೀರ ಕೆಳಗಿನ ಹಂತವಾಗಿದ್ದು, ಅದರ ಮೇಲೆ ಅಡ್ವಾನ್ಸ್ಡ್ ಬಿಗಿನರ್, ಕಾಂಪಿಟೆಂಟ್, ಪ್ರೊಫಿಶಿಯೆಂಟ್, ಎಕ್ಸ್‌ಪರ್ಟ್ ಬರುತ್ತವೆ. ಅವರ ಪ್ರಕಾರ ನಾವಿಸ್ ನಿಯಮವನ್ನು ಹೇಳಿಕೊಟ್ಟಂತೆಯೇ ಪಾಲಿಸುತ್ತಾನೆ. ಕೊಡಗಿನ ಹಂದಿಮಾಂಸದ ಅಡುಗೆಯಾದ ಪಂದಿ ಕರಿಗೆ ಕಾಚಂಪುಳಿ ಎಂಬ ಕಪ್ಪು ಹುಳಿರಸವನ್ನು ಚಮಚದ ಲೆಕ್ಕದಲ್ಲಿಯೇ ಹಾಕುವವನು ಆ ಹಂತದವನು. ಮನೆಮನೆಗೆ ಕಾಚಂಪುಳಿಯ ಗಟ್ಟಿತನ ಬೇರೆಯಾಗುವುದರಿಂದ ಬಣ್ಣವನ್ನೂ ರುಚಿಯನ್ನೂ ನೋಡಿ ಅಳತೆ ಬದಲಿಸುವವನು ಆ ಹಂತ ದಾಟಿದವನು.

ರೂಕಿ ಎಂಬುದು ಅಮೆರಿಕದ ಕ್ರೀಡೆ ಮತ್ತು ಪೊಲೀಸ್ ವಲಯದಲ್ಲಿ ಹೆಚ್ಚು ಬಳಕೆಯಾಗುವ ಪದ. ಅದು ಕಾಲವನ್ನು ಸೂಚಿಸುವುದರಿಂದ, ಮೊದಲ ಋತುವಿನಲ್ಲಿ ಆಡುವ ಅಪ್ರತಿಮ ಆಟಗಾರನೂ ರೂಕಿಯೇ. ನ್ಯೂಬಿ ಸಲಿಗೆಯ ಮಾತಾದರೆ ನೂಬ್ ಹೀಯಾಳಿಕೆ. ಎರಡನ್ನೂ ಅರ್ಜಿಯಿಂದ ದೂರವಿಡಬೇಕು.

ಟ್ರೈನೀ, ಅಪ್ರೆಂಟಿಸ್, ಇಂಟರ್ನ್ ಎಂಬುವು ಸ್ಥಾನವನ್ನು ಸೂಚಿಸುತ್ತವೆ. ನಮ್ಮಲ್ಲಿ ಅಪ್ರೆಂಟಿಸ್ ಎಂಬುದಕ್ಕೆ 1961ರ ಕಾಯ್ದೆಯ ಆಧಾರವಿದ್ದು, ಅದರಲ್ಲಿ ಕರಾರು ಮತ್ತು ಸ್ಟೈಪೆಂಡ್ ಎರಡೂ ಸೇರಿವೆ. ಆದ್ದರಿಂದ ಪರಿಚಯದವರ ವರ್ಕ್‌ಶಾಪಿನಲ್ಲಿ ಕೆಲವು ತಿಂಗಳು ಕೆಲಸ ಕಲಿತವರು ಆ ಪದ ಬರೆದರೆ ಪ್ರಮಾಣಪತ್ರ ಕೇಳುವವರಿರುತ್ತಾರೆ. ಓದಿನ ಜೊತೆಗೆ ಅಥವಾ ಓದು ಮುಗಿಯುತ್ತಲೇ ಅಲ್ಪಾವಧಿಗೆ ಸಂಸ್ಥೆಯೊಂದರಲ್ಲಿ ಅನುಭವ ಪಡೆಯುವವರು ಇಂಟರ್ನ್. ಫ್ರೆಶರ್ ಎಂದರೆ ಭಾರತದಲ್ಲಿ ಮೊದಲ ಉದ್ಯೋಗ ಹುಡುಕುತ್ತಿರುವ ಪದವೀಧರ, ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿ. ವಿದೇಶಕ್ಕೆ ಅರ್ಜಿ ಹಾಕುವವರು ರೀಸೆಂಟ್ ಗ್ರ್ಯಾಜುಯೇಟ್ ಎಂದು ಬರೆಯುವುದು ಕ್ಷೇಮ.

ಎಲ್ಲಕ್ಕಿಂತ ಹೆಚ್ಚು ಅಪಾರ್ಥಕ್ಕೆ ಈಡಾಗುವ ಪದವೆಂದರೆ ಅಮೆಚೂರ್. ಅದರ ಮೂಲದಲ್ಲಿರುವುದು ಪ್ರೀತಿ: ಹಣಕ್ಕಾಗಿ ಅಲ್ಲದೆ ಒಲವಿನಿಂದ ಮಾಡುವವನು. 1912ರ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡನ್ನೂ ಗೆದ್ದ ಜಿಮ್ ಥಾರ್ಪ್ ಹಿಂದೆ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ, ಅಂದರೆ ಅಮೆಚೂರ್ ಅಲ್ಲವೆಂಬ ಕಾರಣಕ್ಕೆ, ಮರುವರ್ಷ ಪದಕಗಳನ್ನು ಕಳೆದುಕೊಂಡನು. ಹವ್ಯಾಸಿ ರಂಗಭೂಮಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನಲ್ಲಂತೂ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವೇ ಕಣ್ಣೆದುರಿಗಿದೆ. ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದವರೂ ಶಾಲೆಗೆ ಹೋಗುವ ಮಕ್ಕಳೂ ಅಲ್ಲಿ ತಮ್ಮ ಒಕ್ಕದ, ಅಂದರೆ ಮನೆತನದ, ಹೆಸರಿಗಾಗಿ ಒಂದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ಆ ಅಂಗಳದಲ್ಲಿ ಬಿಗಿನರ್‌ಗಳು ಕೆಲವರೇ ಇದ್ದಾರು, ಆದರೆ ಅಮೆಚೂರ್ ಎಂಬ ಮಾತು ಇಡೀ ತಂಡಕ್ಕೆ ಒಪ್ಪುತ್ತದೆ. ಹಾಗಿದ್ದೂ ಅಮೆಚೂರಿಶ್ ಎಂದ ಕೂಡಲೇ ಅರ್ಥ ‘ಒಡ್ಡೊಡ್ಡಾದ ಕೆಲಸ’ ಎಂದು ತಿರುಗಿಬಿಡುತ್ತದೆ. ಪ್ರೊಫೆಷನಲ್ ಎಂಬುದರಲ್ಲಿಯೂ ಇದೇ ಇಬ್ಬಗೆ ಇದೆ. ಸಂಬಳ ಪಡೆಯುವವನೆಂಬುದು ಒಂದರ್ಥ, ಅಚ್ಚುಕಟ್ಟಾಗಿ ಮಾಡುವವನೆಂಬುದು ಇನ್ನೊಂದು.

ನಿವೃತ್ತ ಸೈನಿಕರು ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ವೆಟರನ್ ಎಂಬುದನ್ನೂ ಗಮನಿಸಬೇಕು. ಸೇನೆಯ ಸಂದರ್ಭದಲ್ಲಿ ಅದು ಮಾಜಿ ಸೈನಿಕನನ್ನು ಸೂಚಿಸಿದರೆ, ಬೇರೆಡೆ ದೀರ್ಘ ಅನುಭವಿಯನ್ನು ಸೂಚಿಸುತ್ತದೆ. ಎಕ್ಸ್‌ಪರ್ಟ್ ಎಂದು ತನ್ನನ್ನು ತಾನೇ ಕರೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಅದು ಇತರರು ಕೊಡಬೇಕಾದ ಮನ್ನಣೆ.

ಉಳಿದದ್ದು ಪ್ರೊಫಿಶಿಯೆಂಟ್. ಅನೇಕರು ಇದನ್ನು ‘ಸುಮಾರಾಗಿ ಬರುತ್ತದೆ’ ಎಂಬರ್ಥದಲ್ಲಿ ಬಳಸುತ್ತಾರೆ, ಆದರೆ ಪದದ ತೂಕ ಅದಕ್ಕಿಂತ ದೊಡ್ಡದು. ಡ್ರೈಫಸ್ ಮಾದರಿಯಲ್ಲಿ ಇದು ನಾಲ್ಕನೆಯ ಹಂತ. ಭಾಷಾಜ್ಞಾನವನ್ನು ಅಳೆಯುವ ಯುರೋಪಿನ ಚೌಕಟ್ಟಿನಲ್ಲಿ ಎ1, ಎ2 ಆರಂಭಿಕರಿಗೆ, ಬಿ1, ಬಿ2 ಸ್ವತಂತ್ರವಾಗಿ ವ್ಯವಹರಿಸಬಲ್ಲವರಿಗೆ ಮೀಸಲಾಗಿದ್ದು, ಪ್ರೊಫಿಶಿಯೆಂಟ್ ಎಂಬುದು ಸಿ1, ಸಿ2 ತಲುಪಿದವರಿಗೆ ಮಾತ್ರ ಸಲ್ಲುತ್ತದೆ. ಹೋಂಸ್ಟೇಯ ಅತಿಥಿಗಳೊಡನೆ ಊಟ, ಕೋಣೆ, ದಾರಿಯ ವಿಷಯ ಮಾತಾಡಬಲ್ಲವರು ಆ ಪದದ ಗೋಜಿಗೆ ಹೋಗದೆ, ಅಷ್ಟನ್ನೇ ಇಂಗ್ಲಿಷಿನ ಒಂದು ವಾಕ್ಯದಲ್ಲಿ ಬರೆಯಬೇಕು. ಪರೀಕ್ಷೆ ಬರೆದಿದ್ದರೆ ಅದರ ಹೆಸರನ್ನೂ ಪಡೆದ ಮಟ್ಟವನ್ನೂ ಪಕ್ಕದಲ್ಲಿ ಸೇರಿಸಬೇಕು.