ಹಳೇ ಜೆಟ್ ಮಾರುವ ನಾವು ಮೂವರು

ಹಳೇ ಮಿಲಿಟರಿ ಜೆಟ್ ಕೊಳ್ಳಲು ಫೋನ್ ಮಾಡುವವರು ಮೊದಲು ಕೇಳುವುದು, "ಎಷ್ಟು ಸ್ಪೀಡ್ ಹೋಗುತ್ತೆ?" ನಾನು ಮೊದಲು ಕೇಳುವುದು, "ನಿಮ್ಮ ಹ್ಯಾಂಗರ್ ಬಾಗಿಲು ಎಷ್ಟು ಎತ್ತರ ಇದೆ?" ಹ್ಯಾಂಗರ್ ಅಂದರೆ ವಿಮಾನ ನಿಲ್ಲಿಸುವ ಶೆಡ್ಡು. ನಾವು ಮಾರುವ ಎಲ್-39 ಜೆಟ್ ವಿಮಾನದ ಬಾಲ ನೆಲದಿಂದ 4.77 ಮೀಟರ್ ಎತ್ತರ. ಸಣ್ಣ ಪ್ರೊಪೆಲ್ಲರ್ ವಿಮಾನಗಳಿಗೆಂದು ಕಟ್ಟಿದ ಎಷ್ಟೋ ಹ್ಯಾಂಗರ್‌ಗಳ ಬಾಗಿಲು ಅಷ್ಟು ಎತ್ತರ ಇರುವುದಿಲ್ಲ. ಅಷ್ಟು ದುಡ್ಡು ಸುರಿದು ತಂದ ಜೆಟ್ ಬಿಸಿಲು ಮಳೆಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ. ಆಮೇಲೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನೊಪಿ, ಮಸುಕಾಗುತ್ತದೆ, ರಬ್ಬರ್ ಸೀಲು ಬಿರಿಯುತ್ತದೆ. ಅಂಥ ವಿಮಾನ ಮತ್ತೆ ಮಾರಾಟಕ್ಕೆ ಬಂದಾಗ ನೋಡಿದರೆ ಸಂಕಟ ಆಗುತ್ತೆ.

ಅಮೆರಿಕದಲ್ಲಿ ಹಳೇ ಮಿಲಿಟರಿ ಜೆಟ್‌ಗಳನ್ನು ಕೊಂಡು, ಮಾರಿ, ಕೊಡಿಸುವ ಕೆಲಸ ನಮ್ಮದು. ಕಂಪನಿ ಅಂದರೆ ಮೂರೇ ಜನ. ನಾನು ಮೆಕ್ಯಾನಿಕ್. ನನ್ನ ಪಾಲುದಾರರು ಏರ್ ಫೋರ್ಸ್‌ನಲ್ಲಿ ಟಿ-38 ಅನ್ನುವ ತರಬೇತಿ ಜೆಟ್ ಹಾರಿಸುವುದನ್ನು ಹುಡುಗರಿಗೆ ಕಲಿಸಿದವರು. ಮೂರನೆಯವರು ಮೊದಲು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದ ಒಬ್ಬ ಹೆಂಗಸು, ಈಗ ನಮ್ಮ ಕಾಗದಪತ್ರವೆಲ್ಲ ಅವರದೇ. ಹೊರಗಿನವರಿಗೆ ಪೈಲಟ್ ಕಾಣಿಸುತ್ತಾರೆ, ಆಮೇಲೆ ನಾನು ಕಾಣಿಸುತ್ತೇನೆ. ಆದರೆ ಕಂಪನಿ ನಿಂತಿರುವುದು ಆ ಕಾಗದ ನೋಡುವವರ ಮೇಲೆ. ಇದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು.

ನಾವು ಜಾಸ್ತಿ ಮಾರುವುದು ಎಲ್-39. ಜೆಕ್ ನಾಡಿನ ಏರೋ ಕಾರ್ಖಾನೆಯ ಈ ತರಬೇತಿ ಜೆಟ್ ಮೊದಲು ಹಾರಿದ್ದು 1968ರಲ್ಲಿ. ಒಟ್ಟು 2,800ಕ್ಕೂ ಹೆಚ್ಚು ತಯಾರಾದವು, ಅದರಲ್ಲಿ ದೊಡ್ಡ ಪಾಲು ಸೋವಿಯತ್ ಒಕ್ಕೂಟಕ್ಕೆ ಹೋಯಿತು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಎಷ್ಟೋ ವಿಮಾನ ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಇಲ್ಲಿಗೆ ಬಂದವು. ಮೀಟರ್ ಲೆಕ್ಕದ ಎತ್ತರದ ಮಾಪಕ, ರಷ್ಯನ್ ಅಕ್ಷರದ ಸ್ವಿಚ್ಚುಗಳು. ವಿಮಾನದ ಜೊತೆಗೆ ದಪ್ಪ ದಪ್ಪ ಪುಸ್ತಕಗಳೂ ಬಂದವು.

ಆ ಪುಸ್ತಕಕ್ಕೆ ಫಾರ್ಮುಲ್ಯಾರ್ ಅಂತ ಹೆಸರು. ವಿಮಾನಕ್ಕೆ ಒಂದು, ಎಂಜಿನ್‌ಗೆ ಒಂದು. ಎಷ್ಟು ಗಂಟೆ ಓಡಿದೆ, ಯಾವಾಗ ಪೂರ್ತಿ ಬಿಚ್ಚಿ ಸರಿಮಾಡಿದರು, ಯಾವ ಭಾಗ ಬದಲಾಯಿಸಿದರು, ಎಲ್ಲ ಕೈಬರಹದಲ್ಲಿ, ಸೀಲು ಸಹಿ ಸಮೇತ. ಈ ಪುಸ್ತಕ ಇಲ್ಲದ ಎಂಜಿನ್ ಚೆನ್ನಾಗಿಯೇ ಓಡುತ್ತಿರಬಹುದು. ಆದರೆ ಇನ್ನೆಷ್ಟು ಓಡುತ್ತೆ ಅಂತ ಯಾರು ಹೇಳಬೇಕು?

ಶುರುವಿನಲ್ಲಿ ನಾವು ನಮ್ಮದೇ ದುಡ್ಡು ಹಾಕಿ ಒಂದು ಎಲ್-29 ಕೊಂಡೆವು. ಎಲ್-39ಕ್ಕಿಂತ ಹಿಂದಿನ ತಲೆಮಾರಿನದು, ಮುದ್ದಾದ ವಿಮಾನ. ಪುಸ್ತಕವನ್ನು ಆಫೀಸಿನಲ್ಲಿ ಕೂತು ನೋಡಿದೆವು, ಬಹಳ ಅಚ್ಚುಕಟ್ಟಾಗಿತ್ತು. ಎಂಜಿನ್ನನ್ನು ಹ್ಯಾಂಗರ್‌ನಲ್ಲಿ ನೋಡಿದೆವು, ಅದೂ ಚೆನ್ನಾಗಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಮನೆಗೆ ತಂದ ಮೇಲೆ ಎಂಜಿನ್ ಮೇಲಿನ ತಗಡಿನ ಪಟ್ಟಿಯ ಎಣ್ಣೆ ಒರೆಸಿ ಟಾರ್ಚ್ ಬಿಟ್ಟೆ. ಅಲ್ಲಿನ ನಂಬರಿನ ಕೊನೆಯ ಅಂಕಿ ಪುಸ್ತಕದಲ್ಲಿದ್ದುದಕ್ಕಿಂತ ಬೇರೆ ಇತ್ತು. ಪುಸ್ತಕ ಇನ್ಯಾವುದೋ ಎಂಜಿನ್ನಿನದು. ಅದನ್ನು ಹಾರಿಸುವ ಸ್ಥಿತಿಯಲ್ಲಿ ಮಾರಲು ನನಗೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಒಂದು ಮ್ಯೂಸಿಯಂ ಮುಂದೆ ನಿಲ್ಲಿಸಲು ಹೋಯಿತು. ಎರಡು ವರ್ಷದ ದುಡಿಮೆ ಅದರಲ್ಲೇ ಮುಳುಗಿತು.

ಅವತ್ತಿನಿಂದ ನಮ್ಮದು ಒಂದೇ ಕ್ರಮ. ನಾನು ಎಂಜಿನ್ ಕೆಳಗೆ ಮಲಗಿ ಪಟ್ಟಿಯ ಮೇಲಿನ ನಂಬರ್ ಒಂದೊಂದೇ ಅಂಕಿ ಓದುತ್ತೇನೆ. ಕಾಗದ ನೋಡುವವರು ಫೋನಿನ ಆ ಕಡೆ ಪುಸ್ತಕದ ಪ್ರತಿ ಹಿಡಿದು ಒಂದೊಂದೇ ಅಂಕಿ ತಿರುಗಿ ಹೇಳುತ್ತಾರೆ. ಆಮೇಲೇ ಬೋರ್‌ಸ್ಕೋಪ್ ತೆಗೆಯುವುದು. ತೆಳ್ಳಗಿನ ಕ್ಯಾಮೆರಾ ಕೊಳವೆಯನ್ನು ಎಂಜಿನ್ ಒಳಗೆ ಬಿಟ್ಟು, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ, ಟರ್ಬೈನ್ ಎಲೆಗಳನ್ನು ಒಂದೊಂದಾಗಿ ನೋಡಬೇಕು. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದ್ದರೂ ಅಲ್ಲೇ ನಿಲ್ಲಿಸಿ ಫೋಟೋ ತೆಗೆಯುತ್ತೇನೆ. ಅರ್ಧ ದಿನ ಹಿಡಿಯುತ್ತದೆ, ಕುತ್ತಿಗೆ ನೋಯುತ್ತದೆ. ಆದರೂ ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಹೊತ್ತು ಇದೇ. ಎಂಜಿನ್ ಅದುವರೆಗೆ ಹೇಗೆ ಬಾಳಿದೆ ಅನ್ನುವುದು ಅಲ್ಲಿ ಕಾಣುತ್ತದೆ.

ಕಾಕ್‌ಪಿಟ್‌ಗೆ ಇನ್ನೊಂದು ನಿಯಮ. ಏಣಿ ಹತ್ತಿದ ತಕ್ಷಣ ಕೂರುವ ಹಾಗಿಲ್ಲ. ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟು ಅದು, ಒಳಗೆ ಮದ್ದಿನ ತೋಟಾ ಇರಬಹುದು. "ಅದನ್ನೆಲ್ಲ ಯಾವಾಗಲೋ ತೆಗೆಸಿಬಿಟ್ಟಿದ್ದೇವೆ" ಅಂತ ಮಾರುವವರು ಹೇಳುತ್ತಾರೆ. ನಾನು ಆದರೂ ಕೆಂಪು ಪಟ್ಟಿಯ ಸೇಫ್ಟಿ ಪಿನ್ನುಗಳನ್ನು ಎಣಿಸುತ್ತೇನೆ. ಲೆಕ್ಕ ತಪ್ಪಿದರೆ ಇಳಿದುಬಿಡುತ್ತೇನೆ.

ಕಾಗದದ ಇನ್ನರ್ಧ ಒಕ್ಲಹೋಮ ಸಿಟಿಯಲ್ಲಿದೆ. ಎಫ್‌ಎಎ ಅನ್ನುವ ಅಮೆರಿಕದ ವಿಮಾನಯಾನ ಇಲಾಖೆಯ ವಿಮಾನ ನೋಂದಣಿ ಅಲ್ಲೇ ಇರುವುದು. ವಿಮಾನದ ಮೇಲೆ ಸಾಲ ಇದೆಯೇ, ಹಿಂದಿನ ಮಾರಾಟದ ಪತ್ರಗಳೆಲ್ಲ ಸರಪಳಿಯ ಹಾಗೆ ಕೂಡುತ್ತವೆಯೇ ಅಂತ ಕಾಗದ ನೋಡುವವರು ಅಲ್ಲಿಂದ ದಾಖಲೆ ತರಿಸಿ ಓದುತ್ತಾರೆ. ಸಾಲ ತೀರಿದರೂ ತೀರಿದ ಪತ್ರ ದಾಖಲಾಗದೆ ಉಳಿದದ್ದನ್ನು ಹಿಡಿದುಕೊಟ್ಟಿದ್ದಾರೆ. ದುಡ್ಡು ನಮ್ಮ ಕೈಗೆ ಬರುವುದಿಲ್ಲ. ನಡುವೆ ಒಬ್ಬ ಮಧ್ಯಸ್ಥರ ಖಾತೆಯಲ್ಲಿ ಕೂತು, ಪತ್ರ ಸರಿಯಿದ್ದರೆ ಮಾತ್ರ ಮುಂದೆ ಹೋಗುತ್ತದೆ.

ಈ ಜೆಟ್‌ಗಳು ಸಾಮಾನ್ಯವಾಗಿ ಎಕ್ಸ್‌ಪೆರಿಮೆಂಟಲ್ ಎಕ್ಸಿಬಿಷನ್ ಅನ್ನುವ ವರ್ಗದಲ್ಲಿ ಹಾರುತ್ತವೆ. ಬಾಡಿಗೆಗೆ ಜನ ಹತ್ತಿಸುವ ಹಾಗಿಲ್ಲ. ಹಾರಿಸುವವರ ಲೈಸೆನ್ಸಿನಲ್ಲಿ ಆ ವಿಮಾನಕ್ಕೆ ಅಂತಲೇ ಬೇರೆ ಅನುಮತಿ ಬೇಕು. ಇಲ್ಲಿ ನನ್ನ ಪಾಲುದಾರರ ಕೆಲಸ ಶುರು. ಕೊಳ್ಳುವವರನ್ನು ಮೊದಲು ಎರಡು ದಿನ ನೆಲದ ಮೇಲೇ ಕೂರಿಸುತ್ತಾರೆ. ಸಣ್ಣ ವಿಮಾನ ಹಾರಿಸಿದವರ ಕಾಲು ತಾನಾಗಿ ಪೆಡಲಿನ ತುದಿ ಒತ್ತಿ ಬ್ರೇಕ್ ಹುಡುಕುತ್ತದೆ. ಎಲ್-39ರಲ್ಲಿ ಬ್ರೇಕ್ ಇರುವುದು ಕೈಯಲ್ಲಿ ಹಿಡಿಯುವ ಸ್ಟಿಕ್ ಮೇಲೆ, ಸೈಕಲ್ ಬ್ರೇಕಿನ ಹಾಗೆ. ಇನ್ನು ಎಂಜಿನ್. ಥ್ರಾಟಲ್, ಅಂದರೆ ಶಕ್ತಿ ಏರಿಸುವ ಹಿಡಿ, ಪೂರ್ತಿ ಹಿಂದಿದ್ದಾಗ ಮುಂದಕ್ಕೆ ತಳ್ಳಿದರೆ ಶಕ್ತಿ ತುಂಬಿ ಬರಲು ಹತ್ತು ಸೆಕೆಂಡಿನ ಆಸುಪಾಸು ಬೇಕು. ಇಳಿಯುವಾಗ ತಗ್ಗಿಗೆ ಬಂದು ಆಮೇಲೆ ಶಕ್ತಿ ಕೇಳಿದರೆ ಆ ಹತ್ತು ಸೆಕೆಂಡ್ ಯಾರು ಕೊಡುತ್ತಾರೆ?

ಒಮ್ಮೆ ಒಬ್ಬರು ಪೂರ್ತಿ ದುಡ್ಡು ಸಿದ್ಧ ಮಾಡಿಕೊಂಡು ಬಂದರು. ಬರುವ ಶನಿವಾರವೇ ಮಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹಾರಬೇಕು ಅಂದರು. ಪಾಲುದಾರರು ಆಗೋದಿಲ್ಲ ಅಂದುಬಿಟ್ಟರು. ನನಗೆ ಸಿಟ್ಟು ಬಂತು. ಹ್ಯಾಂಗರ್ ಬಾಡಿಗೆ ಎರಡು ತಿಂಗಳದು ಬಾಕಿ ಇತ್ತು. "ಅವರು ಸತ್ತರೆ ನೀನು ಮಾರಿದ ವಿಮಾನ ಅಂತ ನಿನಗೆ ನೆನಪಿರುತ್ತೆ" ಅಂದರು ಪಾಲುದಾರರು, ಅಷ್ಟೇ. ಕಾಗದ ನೋಡುವವರು ಒಂದು ಮಾತೂ ಆಡದೆ ಅಡ್ವಾನ್ಸ್ ವಾಪಸ್ ಮಾಡಿದರು. ಆ ಬಾಡಿಗೆ ಕಟ್ಟಲು ನಾನು ನನ್ನ ಉಪಕರಣಗಳಲ್ಲಿ ಕೆಲವನ್ನು ಮಾರಿದೆ. ಈಗ ಕೇಳಿದರೆ ನಾನೂ ಆಗೋದಿಲ್ಲ ಅಂತಲೇ ಹೇಳುತ್ತೇನೆ.

ಹೋದ ವರ್ಷ ಒಬ್ಬ ಹಿರಿಯರ ಎಲ್-39 ಮಾರಿಕೊಟ್ಟೆವು. ಅವರಿಗೆ ಕಣ್ಣಿನ ತೊಂದರೆ, ಇನ್ನು ಹಾರಿಸಲು ಬೇಕಾದ ಮೆಡಿಕಲ್ ಸರ್ಟಿಫಿಕೇಟ್ ಸಿಗುವುದಿಲ್ಲ. ಕೊಳ್ಳುವವರ ಎದುರಿಗೆ ಕೊನೆಯ ಸಲ ತಾವೇ ಸ್ಟಾರ್ಟ್ ಮಾಡುತ್ತೇನೆ ಅಂದರು. ಟರ್ಬೋ ಗುಂಡಿ ಒತ್ತಿದರು, ದೊಡ್ಡ ಎಂಜಿನ್ ಎಬ್ಬಿಸುವ ಒಳಗಿನ ಸಣ್ಣ ಟರ್ಬೈನ್ ಕಿರುಗುಟ್ಟುತ್ತಾ ಎದ್ದಿತು. ದೀಪ ಬಂದ ಮೇಲೆ ಎಂಜಿನ್ ಗುಂಡಿ. ಕಣ್ಣು ಉಷ್ಣತೆಯ ಮುಳ್ಳಿನ ಮೇಲೇ ಇತ್ತು. ಐದು ನಿಮಿಷ ಓಡಿಸಿ ಆಫ್ ಮಾಡಿದರು. ಆಮೇಲೆ ಮಾಮೂಲಿನಂತೆ ಕೈಗಡಿಯಾರ ನೋಡುತ್ತಾ ಕೂತರು. ಎಂಜಿನ್ ತಿರುಗಿ ತಿರುಗಿ ನಿಲ್ಲಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೆ ಅನ್ನುವುದು ಮುಖ್ಯ, ಬೇಗ ನಿಂತರೆ ಒಳಗೆ ಬೇರಿಂಗ್ ಎಲ್ಲೋ ಹಿಡಿಯುತ್ತಿರಬಹುದು ಅಂತ ಅರ್ಥ. ಶಬ್ದ ಪೂರ್ತಿ ಅಡಗಿದ ಮೇಲೆ ಇಳಿದರು. ಪುಸ್ತಕ ರೆಕ್ಕೆಯ ಮೇಲಿಟ್ಟು, ಮುಖ ಹತ್ತಿರ ತಂದು, ತಾರೀಖು, ಸೆಕೆಂಡುಗಳ ಲೆಕ್ಕ, ಸಹಿ ಬರೆದರು. ಕೆಳಗಿನ ಸಾಲು ಖಾಲಿ ಇತ್ತು. ಪೆನ್ನನ್ನು ಅಲ್ಲೇ ಹಾಳೆಯ ನಡುವೆ ಇಟ್ಟು ಪುಸ್ತಕವನ್ನು ಕೊಳ್ಳುವವರ ಕೈಗೆ ಕೊಟ್ಟರು.